ಮೈದಾನದ ಅಂಚಿನಲ್ಲಿ ಕಲಿತ ಪಾಠ

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಬಿಡುವಿನಲ್ಲಿ ಹವ್ಯಾಸಕ್ಕಾಗಿ ಕ್ರೀಡಾಲೇಖನಗಳನ್ನು ಬರೆಯತೊಡಗಿದಾಗ, ಆಟವನ್ನು ಬಲ್ಲೆನೆಂಬ ಅಭಿಮಾನ ನನಗಿತ್ತು. ಅದನ್ನು ಮುರಿದವರು ವಾಚಕರೊಬ್ಬರು.

ಸತತವಾಗಿ 15 ಬಾರಿ ರಣಜಿ ಪ್ರಶಸ್ತಿ ಗೆದ್ದಿದ್ದ ಮುಂಬಯಿಯ ಓಟವನ್ನು 1974ರಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕವು ಬೆಂಗಳೂರಿನ ಸೆಮಿಫೈನಲಿನಲ್ಲಿ ತಡೆಯಿತಷ್ಟೆ. ಕೇಳಿದ ಮಾತನ್ನು ನಂಬಿ, "ಎರಡೂ ಇನ್ನಿಂಗ್ಸಿನಲ್ಲಿ ಮಣಿಸಿತು" ಎಂದು ಬರೆದುಬಿಟ್ಟೆ.

ಮರುದಿನವೇ ವೃದ್ಧ ಅಡುಗೆಭಟ್ಟರೊಬ್ಬರು ಬಂದರು. "ಇಲ್ಲ ಧನಿಗಳೇ, ಆ ಪಂದ್ಯ ಡ್ರಾ. ನಮ್ಮವರದು 385, ಮುಂಬಯಿಯದು 307. ಗೆಲ್ಲಿಸಿದ್ದು ಮೊದಲ ಇನ್ನಿಂಗ್ಸಿನ ಮುನ್ನಡೆ. ಆಗ ನಾನು ಮೇಜು ಒರೆಸುವ ಹುಡುಗ, ಆ ಅಂಕಿಗಳನ್ನು ಮರೆತಿಲ್ಲ" ಎಂದರು.

ತಲೆ ತಗ್ಗಿಸಿ ತಿದ್ದುಪಡಿ ಅಚ್ಚುಹಾಕಿದೆ. ಅಂದಿನಿಂದ ಕಿವಿಗಿಂತ ಕಣ್ಣನ್ನು ನಂಬಿದ್ದೇನೆ. 1948ರಲ್ಲಿ ಆರಂಭವಾದ ಕಾಂಗಾ ಲೀಗಿನ ಪಂದ್ಯಗಳಿಗೆ ಮಳೆಗಾಲದಲ್ಲಿ ಕೊಡೆ ಹಿಡಿದು ಆಜಾದ್ ಮೈದಾನಕ್ಕೆ ಹೋಗುತ್ತೇನೆ. ಒದ್ದೆ ಪಿಚ್ಚಿನಲ್ಲಿ ಗಳಿಸಿದ 30 ಓಟಗಳ ಬೆಲೆಯನ್ನು ಯಾವ ಅಂಕಪಟ್ಟಿಯೂ ಹೇಳದೆಂಬುದು ಅಲ್ಲಿ ತಿಳಿಯಿತು.

ಬರೆಯುವ ಹಂಬಲವುಳ್ಳ ಮಿತ್ರರೇ, ಕಂಡದ್ದನ್ನು ಬರೆಯಿರಿ, ಕಾಣದ್ದನ್ನು ಬಲ್ಲವರಲ್ಲಿ ಕೇಳಿರಿ. ಬಲ್ಲವರು ಅಡುಗೆಮನೆಯಲ್ಲಿಯೂ ಇರುತ್ತಾರೆ.