ಕಥಾಗ್ರಂಥಗಳ ಮೊದಲ ಮುದ್ರಣವೂ ವಿಶೇಷ ಪ್ರತಿಗಳೂ

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೆಟ್ಟಿಗೆಯ ಚಿತ್ರ ಮೊದಲಾದವನ್ನು ಸಂಗ್ರಹಿಸುವ ಹವ್ಯಾಸವು ವಿದ್ಯಾರ್ಥಿಗಳಿಗೆ ಹೊಸದೇನೂ ಅಲ್ಲ. ಪುಸ್ತಕಸಂಗ್ರಹವೂ ಅಂತಹುದೇ. ಅದರಲ್ಲಿಯೂ ಪತ್ತೇದಾರಿ, ಅದ್ಭುತ ಹಾಗೂ ವೈಜ್ಞಾನಿಕ ಕಾದಂಬರಿಗಳ ಮೊದಲ ಮುದ್ರಣಗಳನ್ನೂ ವಿಶೇಷ ಪ್ರತಿಗಳನ್ನೂ ಅರಸುವವರು ಹಲವರಿದ್ದಾರೆ. ಅದೇ ಕಥೆ ಅಂಗಡಿಯಲ್ಲಿ ಹೊಸದಾಗಿ ದೊರೆಯುತ್ತಿರುವಾಗ ಹಳೆಯ ಪ್ರತಿಗೆ ಹೆಚ್ಚು ಬೆಲೆ ತೆರುವುದೇಕೆ ಎಂದು ನೀವು ಕೇಳಬಹುದು.

ಮೊದಲು 'ಮುದ್ರಣ' ಮತ್ತು 'ಆವೃತ್ತಿ' ಎಂಬ ಪದಗಳ ಭೇದವನ್ನು ತಿಳಿಯಬೇಕು. ಇದ್ದುದನ್ನು ಇದ್ದಂತೆಯೇ ಮತ್ತೆ ಅಚ್ಚು ಮಾಡಿದರೆ ಅದು ಮರುಮುದ್ರಣ; ತಿದ್ದಿ, ಸೇರಿಸಿ, ಹೊಸದಾಗಿ ಅಣಿಗೊಳಿಸಿದರೆ ಅದು ಹೊಸ ಆವೃತ್ತಿ. ಆವೃತ್ತಿ ಬದಲಾದಾಗ ಕಥೆಯೇ ಬದಲಾಗುವುದುಂಟು. ಟೋಲ್ಕಿನ್ ಅವರ 'ದಿ ಹಾಬಿಟ್' 1937ರಲ್ಲಿ ಪ್ರಕಟವಾಯಿತು. ಮೊದಲು ಅಚ್ಚಾದುವು 1500 ಪ್ರತಿಗಳು. ಅದರಲ್ಲಿ ಗೊಲ್ಲಮ್ ಎಂಬ ಪ್ರಾಣಿಯು ಒಗಟಿನ ಪಂದ್ಯದಲ್ಲಿ ಸೋತು, ಉಂಗುರವನ್ನು ಕೊಡಲಾಗದುದಕ್ಕೆ ಕ್ಷಮೆ ಬೇಡಿ, ನಾಯಕನಿಗೆ ಹೊರದಾರಿಯನ್ನು ತೋರಿಸುತ್ತದೆ. ಮುಂದಿನ ಬೃಹತ್ಕಥೆಗೆ ಆ ಉಂಗುರವು ಕೇಡಿನ ಬೀಜವಾಗಬೇಕಾದುದರಿಂದ 1951ರ ಆವೃತ್ತಿಯಲ್ಲಿ ಗ್ರಂಥಕರ್ತರು ಆ ಪ್ರಕರಣವನ್ನೇ ತಿದ್ದಿದರು; ಅಲ್ಲಿ ಗೊಲ್ಲಮ್ ಕ್ರೋಧದಿಂದ ನಾಯಕನನ್ನು ಶಪಿಸುತ್ತದೆ. ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ಕೂಡ ಹಾಗೆಯೇ. 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಮೂರು ಸಂಪುಟಗಳಲ್ಲಿ 500 ಪ್ರತಿಗಳು ಮಾತ್ರ ಹೊರಬಂದುವು. 1831ರ ಪರಿಷ್ಕೃತ ಆವೃತ್ತಿಗೆ ಕಥೆ ಹುಟ್ಟಿದ ಬಗೆಯನ್ನು ಅರುಹುವ ಮುನ್ನುಡಿಯೂ ಸೇರಿತು. ಮೂಲರೂಪವನ್ನು ಬಲ್ಲವನೇ ಗ್ರಂಥಕರ್ತನ ಮನಸ್ಸಿನ ಬೆಳವಣಿಗೆಯನ್ನೂ ಬಲ್ಲನು.

ವಿಶೇಷ ಪ್ರತಿಗಳ ಬಗೆ ಬೇರೆ. ಉತ್ತಮ ಕಾಗದ, ಚಿತ್ರ, ಲೇಖಕರ ಹಸ್ತಾಕ್ಷರ, ಕ್ರಮಸಂಖ್ಯೆ ಇವು ಅವುಗಳ ಲಕ್ಷಣ. ರೇ ಬ್ರಾಡ್‌ಬರಿಯವರ 'ಫ್ಯಾರನ್‌ಹೀಟ್ 451' ಪುಸ್ತಕಗಳನ್ನು ಸುಡುವ ಸಮಾಜದ ಕಥೆ. 1953ರಲ್ಲಿ ಅದರ ಸುಮಾರು 200 ಪ್ರತಿಗಳಿಗೆ ಬೆಂಕಿ ತಾಗದ ಕಲ್ನಾರಿನ ರಟ್ಟು ಹಾಕಿ, ಲೇಖಕರ ರುಜುವಿನೊಂದಿಗೆ ಮಾರಿದರು! ಇಲ್ಲಿ ರಟ್ಟೂ ಕಥೆಯ ಮಾತನ್ನೇ ಆಡುತ್ತದೆ.

ಮೊದಲ ಮುದ್ರಣವನ್ನು ಗುರುತಿಸುವುದು ಹೇಗೆ? ಹೆಸರಿನ ಪುಟದ ಹಿಂಬದಿಯನ್ನು ನೋಡಿರಿ. ಕನ್ನಡ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮುದ್ರಣದ ವರ್ಷವೂ ಕೆಲವೊಮ್ಮೆ ಪ್ರತಿಗಳ ಸಂಖ್ಯೆಯೂ ಇರುತ್ತವೆ. ಈಚಿನ ಅನೇಕ ಇಂಗ್ಲಿಷ್ ಪುಸ್ತಕಗಳಲ್ಲಿ ಅಂಕಿಗಳ ಒಂದು ಸಾಲಿರುತ್ತದೆ. ಅದರಲ್ಲಿ ಉಳಿದಿರುವ ಅತಿ ಸಣ್ಣ ಅಂಕಿಯೇ ಸಾಮಾನ್ಯವಾಗಿ ಎಷ್ಟನೆಯ ಮುದ್ರಣವೆಂಬುದನ್ನು ಸೂಚಿಸುತ್ತದೆ. ಮೇಲುಹೊದಿಕೆಯನ್ನು ಹರಿಯಬಾರದು, ಪುಟಗಳಿಗೆ ಅಂಟುಪಟ್ಟಿ ಹಚ್ಚಬಾರದು, ತೇವ, ಬಿಸಿಲು, ಗೆದ್ದಲುಗಳಿಂದ ಪುಸ್ತಕವನ್ನು ಕಾಪಾಡಬೇಕು. ಬೆಲೆ ಏರುವುದೆಂಬ ಆಸೆಯಿಂದ ಕೊಳ್ಳುವುದು ವ್ಯಾಪಾರ. ಓದಿ ಮೆಚ್ಚಿ ಕಾಪಾಡುವುದು ಸಂಗ್ರಹ.

ಪ್ರಿಯ ವಿದ್ಯಾರ್ಥಿಗಳೇ, ವಿದೇಶದ ದುಬಾರಿ ಗ್ರಂಥಗಳು ನಮಗೆ ಎಟುಕಲಾರವು. ಆದರೆ ಎನ್. ನರಸಿಂಹಯ್ಯನವರು ಬರೆದ ಪತ್ತೇದಾರ ಪುರುಷೋತ್ತಮನ ಸಾಹಸಗಳಂತಹ ಅಗ್ಗದ ಕಾದಂಬರಿಗಳನ್ನು ಒಂದು ಕಾಲದಲ್ಲಿ ಕನ್ನಡಿಗರು ಕೈಯಿಂದ ಕೈಗೆ ದಾಟಿಸಿ ಓದಿದರು. ಓದಿ ಓದಿ ಹರಿದ ಪ್ರತಿಗಳು ರದ್ದಿಯ ಪಾಲಾದುವು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಪೆಟ್ಟಿಗೆಯನ್ನೂ ಅಟ್ಟವನ್ನೂ ಒಮ್ಮೆ ಶೋಧಿಸಿರಿ. ಈ ಪರಭಾಷಾ ನಗರದಲ್ಲಿ ಕಳೆದುಹೋದ ಕನ್ನಡ ಪುಸ್ತಕವನ್ನು ಮತ್ತೆ ದೊರಕಿಸುವುದು ಕಷ್ಟ. ದೊರೆತುದನ್ನು ಉಳಿಸುವುದು ನಿಮ್ಮ ಕೈಯಲ್ಲಿದೆ.