ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಸಂಜೆ ಏಳು ಗಂಟೆ. ಶಾಲೆಯ ಕೋಣೆಯಲ್ಲಿ ನಮ್ಮ ಅಕ್ಷರದ ತರಗತಿ ಮುಗಿದಿತ್ತು. ಎಲ್ಲರೂ ಎದ್ದು ಹೋದರು. ಒಬ್ಬ ತಾಯಿ ಮಾತ್ರ ಕೂತೇ ಇದ್ದರು. ಏನವ್ವಾ ಎಂದು ಕೇಳಿದೆವು.

"ನನ್ ಮಗ ಹತ್ತನೇ ಕ್ಲಾಸು ಮೇಷ್ಟ್ರೇ. ರಾತ್ರಿ ಹನ್ನೊಂದರ ಗಂಟ ಓದ್ತಾನೆ. ಬೆಳಿಗ್ಗೆ ಕೇಳುದ್ರೆ ಒಂದೂ ಬರಾಕಿಲ್ಲ. ಮೊನ್ನೆ ಪರೀಕ್ಷೇಲಿ ಮೂರು ಸಬ್ಜೆಕ್ಟು ಹೋಯ್ತು. ನನ್ ತಲೆಯಂಗೇ ಅವನ ತಲೆ. ಏನೂ ನಿಲ್ಲಾಕಿಲ್ಲ. ಅವರಪ್ಪ ಇನ್ ಓದಿದ್ದು ಸಾಕು, ಆಲೆಮನೆ ಕೆಲಸಕ್ಕೆ ಕಳಿಸಾನ ಅಂತವ್ರೆ."

ಮೊನ್ನೆಯ ಪರೀಕ್ಷೆ ಎಂದರೆ ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆ. ಮುಖ್ಯ ಪರೀಕ್ಷೆಗೆ ಇನ್ನೂ ಐದು ವಾರ ಇತ್ತು. ಹುಡುಗ ಸೋಮಾರಿ ಅಲ್ಲ. ಓದುತ್ತಾನೆ. ಓದಿದ್ದು ನಿಲ್ಲುವುದಿಲ್ಲ. ಅಷ್ಟೇ ತೊಂದರೆ.

ನನ್ನ ತಲೆಯಂಗೇ ಎಂದು ಆ ತಾಯಿ ಹೇಳಿದ್ದಕ್ಕೂ ಕಾರಣ ಉಂಟು. ಹಿಂದಿನ ವರ್ಷ ಅವರು ಕಾಗುಣಿತ ಮುಗಿಸಿದ್ದರು. ಆಮೇಲೆ ಕಬ್ಬು ಕಟಾವು ಬಂತು. ಎರಡು ತಿಂಗಳು ಪುಸ್ತಕ ಮುಟ್ಟಲಿಲ್ಲ. ತಿರುಗಿ ಬಂದು ನೋಡಿದರೆ ಒತ್ತಕ್ಷರ ಒಂದೂ ನೆನಪಿಲ್ಲ. ಅಂದಿನಿಂದ ತಮ್ಮ ತಲೆಯೇ ಸರಿಯಿಲ್ಲ ಎಂದು ನಂಬಿಬಿಟ್ಟಿದ್ದರು.

ನಾವು ಕೇಳಿದೆವು, "ಮದುವೆ ಮನೇಲಿ ಸೋಬಾನೆ ಹೇಳೋರು ಯಾರವ್ವಾ?"

"ನಾನೇ ಮೇಷ್ಟ್ರೇ. ಎಣ್ಣೆ ಶಾಸ್ತ್ರದಿಂದ ಹಿಡಿದು ಹೆಣ್ಣು ಒಪ್ಪಿಸೋ ಗಂಟ ಹೇಳ್ತೀನಿ."

"ಅದು ತಲೇಲಿ ಹೆಂಗೆ ನಿಂತದೆ ಮತ್ತೆ?"

ಆ ತಾಯಿ ನಕ್ಕರು. ಉತ್ತರ ಹೇಳಲಿಲ್ಲ. ಉತ್ತರವನ್ನು ನಾವೂ ನೀವೂ ಸೇರಿ ಹುಡುಕೋಣ.

ನಮ್ಮ ಸೀಮೆಯ ನೀಲಗಾರರನ್ನು ನೀವು ಕೇಳಿರುತ್ತೀರಿ. ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಮಂಟೇಸ್ವಾಮಿ ಕತೆ ಹಾಡುತ್ತಾರೆ. ರಾತ್ರಿ ಊಟ ಮುಗಿಸಿ ಕೂತರೆ ಕೋಳಿ ಕೂಗುವ ತನಕ ಹಾಡುತ್ತಾರೆ. ಇವರಲ್ಲಿ ಎಷ್ಟೋ ಹಿರಿಯರಿಗೆ ಓದು ಬರಹ ಇರಲಿಲ್ಲ. ಆದರೂ ಅವರ ತಲೆಯೊಳಗೆ ಸಾವಿರಾರು ಸಾಲು ಇತ್ತು. ಅವರು ಇದನ್ನು ಉಳಿಸಿಕೊಂಡದ್ದು ಹೇಗೆ?

ಮೊದಲನೆಯದು, ಅವರು ಕತೆಯನ್ನು ತುಂಡು ಮಾಡಿಕೊಳ್ಳುತ್ತಾರೆ. ಒಂದೊಂದು ತುಂಡಿಗೂ ಒಂದು ಹೆಸರು. ಅದಕ್ಕೆ 'ಸಾಲು' ಎನ್ನುತ್ತಾರೆ. ಮಾದೇಶ್ವರನ ಕತೆಯಲ್ಲೂ ಹಾಗೆಯೇ. ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಇಡೀ ಕತೆಯನ್ನು ಯಾರೂ ಒಂದೇ ಸಲ ಕಲಿಯುವುದಿಲ್ಲ. ಒಂದು ಸಾಲು ಗಟ್ಟಿಯಾದ ಮೇಲೆ ಇನ್ನೊಂದು.

ಎರಡನೆಯದು, ಆ ಕತೆ ಊರಿಂದ ಊರಿಗೆ ನಡೆಯುತ್ತದೆ. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಬಂದದ್ದು ಎಲ್ಲಿಗೆ? ನಮ್ಮ ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ, ಪಾಂಚಾಳರ ಕುಲುಮೆಗೆ. ಹಾಡುವವನು ಮನಸ್ಸಿನಲ್ಲಿ ಆ ದಾರಿ ಹಿಡಿದು ನಡೆಯುತ್ತಾನೆ. ಊರು ಬಂದರೆ ಅಲ್ಲಿ ನಡೆದದ್ದೂ ಬರುತ್ತದೆ.

ಮೂರನೆಯದೇ ದೊಡ್ಡದು. ಕಲಿಯುವ ಹುಡುಗ ಗುರುವಿನ ಹಿಂದೆ ಕೂತು ಹಿಮ್ಮೇಳ ಹೇಳುತ್ತಾನೆ. ಒಂದು ದಿನ ಅಲ್ಲ, ವರ್ಷಗಟ್ಟಲೆ. ಈ ಊರಲ್ಲಿ ಒಂದು ರಾತ್ರಿ, ಹತ್ತು ದಿನ ಬಿಟ್ಟು ಆ ಊರಲ್ಲಿ ಒಂದು ರಾತ್ರಿ. ಮುಂದೆ ಪುಸ್ತಕ ಇಲ್ಲ. ಪ್ರತಿ ಸಲವೂ ತಲೆಯಿಂದಲೇ ಹೊರಗೆ ತರಬೇಕು.

ಆ ತಾಯಿಯ ಸೋಬಾನೆಯೂ ಹೀಗೆಯೇ ನಿಂತದ್ದು. ಹಾಗಾದರೆ ತಲೆಯಲ್ಲಿ ದೋಷ ಇಲ್ಲ. ಓದುವ ಕ್ರಮದಲ್ಲಿ ಇದೆ.

ಈಗ ಮರೆವಿನ ವಿಷಯಕ್ಕೆ ಬರೋಣ. ಜರ್ಮನಿ ದೇಶದಲ್ಲಿ ಎಬ್ಬಿಂಗ್‌ಹಾಸ್ ಎಂಬ ಪಂಡಿತರು ಇದ್ದರು. ಅವರು ಅರ್ಥವೇ ಇಲ್ಲದ ಅಕ್ಷರದ ತುಣುಕುಗಳನ್ನು ಬರೆದುಕೊಂಡು, ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕ ಇಟ್ಟರು. 1885ರಲ್ಲಿ ಅದನ್ನು ಪುಸ್ತಕ ಮಾಡಿದರು. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಒಂದು ದಿನಕ್ಕೆ ಮೂರು ಪಾಲಿನಲ್ಲಿ ಎರಡು ಪಾಲು ಹೋಗಿತ್ತು. ಆಮೇಲೆ ಮರೆವು ನಿಧಾನವಾಯಿತು. ಅಂದರೆ ಮರೆವು ಮೊದಲ ದಿನವೇ ಜೋರು. ಅರ್ಥ ಇರುವ ಪಾಠ ಇಷ್ಟು ಬೇಗ ಹೋಗುವುದಿಲ್ಲ. ಆದರೂ ಹೋಗುವ ರೀತಿ ಅದೇ. ಮರೆಯುವುದು ದಡ್ಡರ ಲಕ್ಷಣ ಅಲ್ಲ. ಪಂಡಿತರಿಗೂ ಮರೆಯುತ್ತದೆ.

ಇಲ್ಲಿ ನಮ್ಮದೊಂದು ಮಾತು ಹೇಳಲೇಬೇಕು. ನಾವು ಶಿಕ್ಷಕರ ತರಬೇತಿಯಲ್ಲಿದ್ದಾಗ ಈ ಪಾಠ ನಮಗೂ ಇತ್ತು. ಪರೀಕ್ಷೆಯ ಹಿಂದಿನ ರಾತ್ರಿ ಟೀ ಕುಡಿದು ಕುಡಿದು ಬೆಳಗಿನ ನಾಲ್ಕರವರೆಗೆ ಓದಿದೆವು. ಪ್ರಶ್ನೆ ಬಂದದ್ದು ಮರೆವಿನ ಮೇಲೆಯೇ. ಆ ಪಂಡಿತರ ಹೆಸರೇ ನೆನಪಿಗೆ ಬರಲಿಲ್ಲ! ಮರೆವಿನ ಪಾಠವನ್ನೇ ಮರೆತು ಬಂದೆವು. ಈಗ ಇಪ್ಪತ್ತು ಸಲ ಪಾಠ ಹೇಳಿ ಹೇಳಿ ಆ ಹೆಸರು ನಿಂತಿದೆ.

ಮರೆವಿಗೆ ಮದ್ದು ಏನು? ನಾಲೆ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಂಬಾಡಿ ನೀರು ಕಡಿಮೆ ಇದ್ದಾಗ ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಕೆಲವು ದಿನ ನೀರು, ಕೆಲವು ದಿನ ಇಲ್ಲ, ಮತ್ತೆ ನೀರು. ಗದ್ದೆಯ ಕಬ್ಬು ಹಾಗೇ ಬೆಳೆಯುತ್ತದೆ. ಎಲ್ಲಾ ಕಟ್ಟಿನ ನೀರನ್ನೂ ಒಂದೇ ದಿನ ನುಗ್ಗಿಸಿದರೆ ಬದು ಒಡೆದು ಹಳ್ಳಕ್ಕೆ ಹೋಗುತ್ತದೆ. ಓದೂ ಹಾಗೆಯೇ. ಭಾನುವಾರ ಒಂದೇ ಪಾಠವನ್ನು ನಾಲ್ಕು ಗಂಟೆ ಓದುವುದಕ್ಕಿಂತ, ಅದನ್ನೇ ನಾಲ್ಕು ದಿನ ಒಂದೊಂದು ಗಂಟೆ ಓದಿದರೆ ಹೆಚ್ಚು ನಿಲ್ಲುತ್ತದೆ. ಇವತ್ತು ಓದಿದ್ದನ್ನು ನಾಳೆ ಒಂದು ಸಲ ನೋಡಬೇಕು. ಮೂರು ದಿನ ಬಿಟ್ಟು ಒಂದು ಸಲ. ವಾರ ಬಿಟ್ಟು ಒಂದು ಸಲ. ತಿಂಗಳು ಕಳೆದು ಇನ್ನೊಂದು ಸಲ. ಪ್ರತಿ ಸಲವೂ ಹಿಡಿಯುವ ಹೊತ್ತು ಕಡಿಮೆಯಾಗುತ್ತಾ ಬರುತ್ತದೆ. ಆ ಹುಡುಗನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನಾವು ಪೆನ್ಸಿಲಿನಿಂದ ಪಾಠದ ಹೆಸರು ಬರೆದುಕೊಟ್ಟೆವು, ಯಾವ ದಿನ ಯಾವುದಕ್ಕೆ ನೀರು ಎಂದು.

ಆದರೆ 'ನೋಡಬೇಕು' ಎಂದರೆ ಪುಸ್ತಕ ತೆಗೆದು ಕಣ್ಣಾಡಿಸುವುದಲ್ಲ. ಇಲ್ಲೇ ಹೆಚ್ಚಿನ ಮಕ್ಕಳು ಮೋಸ ಹೋಗುವುದು. ಎರಡನೇ ಸಲ ಓದುವಾಗ ಎಲ್ಲಾ ಗೊತ್ತಿದ್ದಂತೆ ಕಾಣುತ್ತದೆ. ಸಂತೆಯಲ್ಲಿ ಸಿಕ್ಕವರ ಮುಖ ಗೊತ್ತಿರುತ್ತದೆ, ಹೆಸರು ಬಾಯಿಗೆ ಬರುವುದಿಲ್ಲವಲ್ಲ, ಹಾಗೆ. ಪುಸ್ತಕ ಮುಚ್ಚಬೇಕು. ಓದಿದ್ದನ್ನು ಬಾಯಲ್ಲಿ ಹೇಳಬೇಕು, ಇಲ್ಲವೇ ಸ್ಲೇಟಿನ ಮೇಲೆ ಬರೆಯಬೇಕು. ಎಲ್ಲಿ ತಡವರಿಸಿತೋ ಅಲ್ಲಿ ಮಾತ್ರ ಪುಸ್ತಕ ತೆಗೆದು ನೋಡಬೇಕು.

2006ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಇದನ್ನು ಪರೀಕ್ಷೆ ಮಾಡಿ ನೋಡಿದರು. ವಿದ್ಯಾರ್ಥಿಗಳಿಗೆ ಸಣ್ಣ ಪಾಠ ಕೊಟ್ಟರು. ಒಮ್ಮೆ ಎರಡು ಸಲ ಓದಿಸಿದರು. ಇನ್ನೊಮ್ಮೆ ಒಂದು ಸಲ ಓದಿಸಿ, ಮುಚ್ಚಿ, ನೆನಪಿದ್ದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದರೆ ಎರಡು ಸಲ ಓದಿದ ಪಾಠವೇ ಮುಂದೆ. ವಾರ ಬಿಟ್ಟು ಕೇಳಿದಾಗ ಅದು ತಿರುಗಿತ್ತು. ಮುಚ್ಚಿ ಬರೆದ ಪಾಠದಲ್ಲಿ ನೂರಕ್ಕೆ 56ರಷ್ಟು ಉಳಿದಿತ್ತು. ಬರೀ ಓದಿದ್ದರಲ್ಲಿ 42ರಷ್ಟು. ನೀಲಗಾರರ ಹಿಮ್ಮೇಳದ ಹುಡುಗ ಮಾಡುವುದೂ ಇದನ್ನೇ ಅಲ್ಲವೇ?

ಸರಿ, ಹುಡುಗನಿಗೆ ಮನೆಯಲ್ಲಿ ಪ್ರಶ್ನೆ ಕೇಳುವವರು ಯಾರು? "ನಾನೇನ್ ಓದಿದ್ದೀನಿ ಮೇಷ್ಟ್ರೇ, ಅವನ ಪಾಠ ನಂಗೆ ತಿಳಿದದಾ?" ಎಂದರು ಆ ತಾಯಿ. ತಿಳಿಯಬೇಕಾಗಿಲ್ಲ ಎಂದೆವು. ಪಾಠದ ಕೊನೆಯಲ್ಲಿ ಪ್ರಶ್ನೆ ಅಚ್ಚಾಗಿರುತ್ತದೆ. ನೀವು ಪುಸ್ತಕ ಹಿಡಿದುಕೊಂಡು ಒಂದೊಂದು ಪ್ರಶ್ನೆ ಓದಿ. ಅವನು ನೋಡದೆ ಉತ್ತರ ಹೇಳಲಿ. ಸರಿಯೋ ತಪ್ಪೋ ಆಮೇಲೆ ಅವನೇ ನೋಡಿಕೊಳ್ಳಲಿ.

ಮೊದಲ ರಾತ್ರಿ ಒಂದು ಪ್ರಶ್ನೆ ಓದುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತಂತೆ. 'ಸತ್ಯಾಗ್ರಹ' ಎಂಬಲ್ಲಿ ನಿಂತುಬಿಟ್ಟರಂತೆ. ಮಗ ಎದ್ದು ಬಂದು ಒತ್ತಕ್ಷರ ತೋರಿಸಿದನಂತೆ. ನಾಲ್ಕನೇ ದಿನಕ್ಕೆ ಒಂದು ರಾತ್ರಿಗೆ ಏಳು ಪ್ರಶ್ನೆ ಆಯಿತು. ಕಟಾವಿನ ಕಾಲದಲ್ಲಿ ಮರೆತಿದ್ದ ಒತ್ತಕ್ಷರಗಳು ಹೀಗೆ ಒಂದೊಂದಾಗಿ ತಿರುಗಿ ಬಂದವು. ನಾವು ಹೇಳಿಕೊಟ್ಟಿದ್ದಕ್ಕಿಂತ ಹೆಚ್ಚು ಅವರು ಮಗನ ಪುಸ್ತಕದಿಂದ ಕಲಿತರು ಎಂದರೆ ನಮಗೆ ನಾಚಿಕೆಯೇನೂ ಇಲ್ಲ.

ಆ ಸತ್ಯಾಗ್ರಹದ ಪಾಠವನ್ನೇ ಒಂದು ಉದಾಹರಣೆಗೆ ತೆಗೆದುಕೊಳ್ಳಿ. ಶಿವಪುರ ಧ್ವಜ ಸತ್ಯಾಗ್ರಹ, ಏಪ್ರಿಲ್ 1938. ಈ ಇಸವಿ ಹುಡುಗನಿಗೆ ನಿಲ್ಲುತ್ತಲೇ ಇರಲಿಲ್ಲ. ಶಿವಪುರ ಎಲ್ಲಿದೆ? ಮದ್ದೂರಿನಲ್ಲೇ ಇದೆ. ಅದರ ನೆನಪಿಗೆ ಕಟ್ಟಿದ ಸೌಧವೂ ಅಲ್ಲಿದೆ. ಹುಡುಗ ಮದ್ದೂರಿಗೆ ಎಷ್ಟೋ ಸಲ ಹೋಗಿದ್ದ. ಅದೇ ಇದು ಎಂದು ಯಾರೂ ಹೇಳಿರಲಿಲ್ಲ. ಮದ್ದೂರಿನ ಜಾಗಕ್ಕೆ ಆ ಇಸವಿಯನ್ನು ಕಟ್ಟಿ ಹಾಕಿದೆವು. ಅದೇ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆಯಿತು. ಮೊದಲು ಮದ್ದೂರು, ಎರಡು ವಾರ ಬಿಟ್ಟು ವಿದುರಾಶ್ವತ್ಥ. ಈಗ ಒಂದು ನೆನೆದರೆ ಇನ್ನೊಂದು ಬರುತ್ತದೆ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು ಎಂಬುದೂ ಹಾಗೆಯೇ. ನಮ್ಮ ತಾಲ್ಲೂಕಿನ ಅಂಚಿನ ನೀರು ಅದು. ಗೊತ್ತಿರುವುದಕ್ಕೆ ಗೊತ್ತಿಲ್ಲದ್ದನ್ನು ಗಂಟು ಹಾಕಬೇಕು.

ಉತ್ತರದಲ್ಲಿ ನಾಲ್ಕೈದು ಅಂಶ ಬರೆಯಬೇಕಾಗಿದ್ದರೆ ಇನ್ನೊಂದು ಉಪಾಯ ಇದೆ. ಹಿಂದೆ ಗ್ರೀಸ್, ರೋಮ್ ಕಡೆಯ ಭಾಷಣಕಾರರು ಇದನ್ನು ಮಾಡುತ್ತಿದ್ದರು. ಮನಸ್ಸಿನಲ್ಲೇ ಒಂದು ಮನೆಯೊಳಗೆ ನಡೆದು, ಒಂದೊಂದು ಕೋಣೆಯಲ್ಲಿ ಒಂದೊಂದು ಮಾತನ್ನು ಇಟ್ಟು ಬರುತ್ತಿದ್ದರು. 1857ರ ದಂಗೆಗೆ ಕಾರಣಗಳೇನು ಎಂಬ ಪ್ರಶ್ನೆಗೆ ಆ ಹುಡುಗ ತನ್ನ ಮನೆಯನ್ನೇ ಬಳಸಿದ. ಜಗಲಿಯ ಮೇಲೆ ರಾಜ್ಯ ಕಳೆದುಕೊಂಡ ರಾಜ ಕೂತಿದ್ದಾನೆ. ನಡುಮನೆಯಲ್ಲಿ ಕೆಲಸ ಹೋದ ನೇಕಾರನ ಮಗ್ಗ ನಿಂತಿದೆ. ಕೊಟ್ಟಿಗೆಯಲ್ಲಿ ಸಿಪಾಯಿ ಕೋವಿಯ ತೋಟಾ ಹಿಡಿದು ಹಸುವಿನ ಮುಂದೆ ಅಳುತ್ತಿದ್ದಾನೆ, ಅದಕ್ಕೆ ದನದ ಕೊಬ್ಬು ಸವರಿದ್ದಾರೆ ಎಂಬ ಸುದ್ದಿ ಕೇಳಿ. ಇದು ನಗೆಯ ಚಿತ್ರ. ನಗೆ ಬರುವ ಚಿತ್ರ ಬೇಗ ಮರೆಯುವುದಿಲ್ಲ. ಜಗಲಿಯಿಂದ ಕೊಟ್ಟಿಗೆಗೆ ನಡೆದರೆ ಉತ್ತರ ಸಾಲಾಗಿ ಬರುತ್ತದೆ.

ಉದ್ದದ ಅಂಕಿಗಳನ್ನು ತುಂಡು ಮಾಡಿಕೊಳ್ಳಿ. ಹತ್ತು ಅಂಕಿಯ ಮೊಬೈಲ್ ನಂಬರನ್ನು ಐದು, ಐದು ಎಂದು ಹೇಳಿಕೊಂಡರೆ ಸುಲಭ. ಮೂವತ್ತು ದಿನದ ತಿಂಗಳು ಯಾವುದು, ಮೂವತ್ತೊಂದು ದಿನದ್ದು ಯಾವುದು ಎಂದು ಬೆರಳಿನ ಗೆಣ್ಣು ಎಣಿಸಿ ಹೇಳುವುದು ನಿಮಗೂ ಗೊತ್ತು. ಮಗ್ಗಿಯನ್ನು ಮಾತ್ರ ರಾಗದಲ್ಲೇ ಕಲಿಯಬೇಕು. ಈಗ ಕ್ಯಾಲ್ಕುಲೇಟರ್ ಇದೆ, ಮಗ್ಗಿ ಯಾಕೆ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಏಳೆಂಟಲ ಎಷ್ಟು ಎಂದು ಯೋಚಿಸುತ್ತಾ ಕೂತರೆ ಲೆಕ್ಕದ ದಾರಿಯೇ ತಪ್ಪುತ್ತದೆ.

ಇನ್ನು ನಿದ್ದೆ. ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ಹತ್ತನೇ ತರಗತಿಯ ವಯಸ್ಸಿಗೆ ಎಂಟು ಗಂಟೆ ನಿದ್ದೆ ಬೇಕು. ಓದುವಾಗ ಮೊಬೈಲ್ ಪಕ್ಕದಲ್ಲಿ ಬೇಡ, ಇನ್ನೊಂದು ಕೋಣೆಯಲ್ಲಿ ಇರಲಿ. ಅರ್ಧ ಗಂಟೆ ಓದಿ ಐದು ನಿಮಿಷ ಎದ್ದು ದನಕ್ಕೆ ನೀರು ತೋರಿಸಿ ಬಂದರೆ ನಷ್ಟವಿಲ್ಲ. ನೆನಪಿಗೆ ಒಳ್ಳೆಯದು ಎಂದು ಒಂದೆಲಗದ ಚಟ್ನಿ ಮಾಡುತ್ತೀರಲ್ಲ, ಮಾಡಿ. ರುಚಿಯಾಗಿರುತ್ತದೆ. ಆದರೆ ಚಟ್ನಿ ತಿಂದವನು ಓದದೆ ಪಾಸಾದದ್ದನ್ನು ನಾವು ನೋಡಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಜ್ಞಾಪಕಶಕ್ತಿಯ ಟಾನಿಕ್ ತರುವ ಬದಲು ಆ ದುಡ್ಡಿಗೆ ನೋಟ್‌ಬುಕ್ ತನ್ನಿ. ಮತ್ತೆ, ಹೊಡೆಯಬೇಡಿ. ಹೆದರಿದ ಮಗುವಿಗೆ ಗೊತ್ತಿದ್ದದ್ದೂ ಬಾಯಿಗೆ ಬರುವುದಿಲ್ಲ.

ಹುಡುಗನ ತಂದೆಯ ಹತ್ತಿರ ನಾವೇ ಹೋಗಿ ಮಾತಾಡಿದೆವು. "ಪರೀಕ್ಷೆ ಗಂಟ ನೋಡಾನ. ಆಮೇಲೆ ನಾನ್ ಹೇಳ್ದಂಗೆ" ಎಂದರು. ಅಷ್ಟು ಸಿಕ್ಕಿತು.

ಫಲಿತಾಂಶ ಬಂದಾಗ ಸಮಾಜ ವಿಜ್ಞಾನ ಮತ್ತು ವಿಜ್ಞಾನ ದಾಟಿದ್ದವು. ಗಣಿತ ಉಳಿದಿತ್ತು. ಆಲೆಮನೆಯ ಮಾತು ಮತ್ತೆ ಬಂತು. ಈಗ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದೇ ಪರೀಕ್ಷೆ ಅಲ್ಲ. ಹೋದ ವಿಷಯವನ್ನು ಅದೇ ವರ್ಷ ಎರಡನೇ ಪರೀಕ್ಷೆಯಲ್ಲಿ ಬರೆಯಬಹುದು. ಇದು ಆ ತಂದೆಗೆ ಗೊತ್ತಿರಲಿಲ್ಲ. ಸುತ್ತೋಲೆ ಶಾಲೆಯ ಗೋಡೆಯ ಮೇಲೆ ಇತ್ತು. ತಾಯಿ ಅದರ ಮುಂದೆ ನಿಂತು, ಬೆರಳಿಟ್ಟುಕೊಂಡು, ಗಂಡನಿಗೆ ಕೇಳುವಂತೆ ಓದಿದರು. ಮಾರನೆಯ ದಿನ ಮಗನ ಕೈಯಲ್ಲಿ ಅರ್ಜಿ ಕಳಿಸಿದರು. ಆ ರಾತ್ರಿಯಿಂದ ಗಣಿತದ ಸೂತ್ರಗಳ ಪ್ರಶ್ನೆ ಶುರುವಾಯಿತು.