ಕಣ್ಣಿಗೆ ಕಟ್ಟುವ ಆಟ: ವಿ.ಆರ್. ಹೆಡ್‌ಸೆಟ್‌ಗೆ ಕಂಪ್ಯೂಟರ್ ಬೇಕೇ, ಬೇಡವೇ?

ಪರೀಕ್ಷೆ ಮುಗಿದು ರಜೆ ಆರಂಭವಾಗುತ್ತಿದ್ದಂತೆ ಮನೆಮನೆಗಳಲ್ಲಿ ಮಕ್ಕಳ ಬೇಡಿಕೆಯ ಪಟ್ಟಿ ಸಿದ್ಧವಾಗುತ್ತದೆ. ಒಂದು ಕಾಲಕ್ಕೆ ಅದರಲ್ಲಿ ಸೈಕಲ್ ಇತ್ತು, ಬಳಿಕ ವೀಡಿಯೊ ಗೇಮ್ ಬಂತು, ಮತ್ತೆ ಮೊಬೈಲ್. ಈಗ ಕಣ್ಣಿಗೆ ಕಟ್ಟಿಕೊಂಡು ಆಡುವ ವಿ.ಆರ್. ಹೆಡ್‌ಸೆಟ್‌ನ ಸರದಿ. ವರ್ಚುವಲ್ ರಿಯಾಲಿಟಿ, ಅಂದರೆ ಮಿಥ್ಯಾ ವಾಸ್ತವ. ಇದನ್ನು ಧರಿಸಿದವರಿಗೆ ತಾವು ಆಟದ ಒಳಗೇ ನಿಂತಂತೆ ಭಾಸವಾಗುತ್ತದೆ. ತಲೆ ತಿರುಗಿಸಿದತ್ತ ದೃಶ್ಯ ತಿರುಗುತ್ತದೆ, ಕೈ ಬೀಸಿದರೆ ಆಟದೊಳಗಿನ ಕೈಯೂ ಬೀಸುತ್ತದೆ. ಆದರೆ ಇದಕ್ಕೆ ತೆರಬೇಕಾದ ಹಣ ಮಧ್ಯಮ ವರ್ಗದ ಮನೆಗೆ ಸಣ್ಣದಲ್ಲ. ಅಂಗಡಿಗೆ ಹೋಗುವ ಮುನ್ನ ಯಾವ ಬಗೆಯದು ನಮ್ಮ ಮನೆಗೆ ಸೂಕ್ತ ಎಂದು ತಿಳಿದುಕೊಂಡರೆ ಆಮೇಲೆ ಪಶ್ಚಾತ್ತಾಪ ಪಡುವುದು ತಪ್ಪುತ್ತದೆ.

ಎರಡು ಬಗೆ

ಹೆಡ್‌ಸೆಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕಂಪ್ಯೂಟರ್‌ಗೆ ಜೋಡಿಸಿ ಆಡುವಂಥದ್ದು. ಇಲ್ಲಿ ಲೆಕ್ಕಾಚಾರವೆಲ್ಲ ಕಂಪ್ಯೂಟರ್‌ನದು, ಹೆಡ್‌ಸೆಟ್ ಕೇವಲ ಕಣ್ಣಿನ ಮುಂದಿನ ಪರದೆ. 2016ರಲ್ಲಿ ಬಂದ ಆಕ್ಯುಲಸ್ ರಿಫ್ಟ್, ಎಚ್‌ಟಿಸಿ ವೈವ್, 2019ರ ವಾಲ್ವ್ ಇಂಡೆಕ್ಸ್ ಈ ಸಾಲಿನವು. ಎರಡನೆಯದು ಸ್ವತಂತ್ರ ಹೆಡ್‌ಸೆಟ್. ಮೊಬೈಲ್ ಫೋನಿನಂತೆ ಇದರೊಳಗೇ ಚಿಪ್, ಬ್ಯಾಟರಿ, ಮೆಮೊರಿ ಎಲ್ಲವೂ ಇರುತ್ತದೆ. ತಂತಿಯ ಗೊಡವೆ ಇಲ್ಲ. 2019ರ ಆಕ್ಯುಲಸ್ ಕ್ವೆಸ್ಟ್ ಈ ಬಗೆಯನ್ನು ಜನಪ್ರಿಯಗೊಳಿಸಿತು. ಅದರ ಮುಂದಿನ ತಲೆಮಾರಿನವು 2023ರಲ್ಲಿ ಬಂದ ಮೆಟಾ ಕ್ವೆಸ್ಟ್ 3 ಮತ್ತು 2024ರ ಕ್ವೆಸ್ಟ್ 3ಎಸ್.

ಕೆಲವೇ ನೂರು ರೂಪಾಯಿಗೆ ಸಿಗುವ, ಫೋನನ್ನು ಒಳಗಿಟ್ಟು ನೋಡುವ ಪೆಟ್ಟಿಗೆಗಳು ಈ ಎರಡಕ್ಕೂ ಸೇರಿದವಲ್ಲ. ಅವುಗಳಲ್ಲಿ ಸುತ್ತ ನೋಡಬಹುದೇ ಹೊರತು ಎದ್ದು ನಡೆದು, ಕೈ ಬೀಸಿ ಆಡಲು ಬರುವುದಿಲ್ಲ. ‘ವಿ.ಆರ್.’ ಎಂಬ ಎರಡಕ್ಷರ ಕಂಡು ಅದನ್ನೇ ತಂದುಕೊಟ್ಟರೆ ಮಕ್ಕಳ ಮುಖ ಸಣ್ಣದಾಗುವುದು ಖಚಿತ.

ಮೊದಲು ಮನೆಯ ಅಳತೆ

ಮುಂಬಯಿಯಂಥ ನಗರದಲ್ಲಿ ಮೊದಲು ನೋಡಬೇಕಾದದ್ದು ಯಂತ್ರವನ್ನಲ್ಲ, ಮನೆಯನ್ನು. ಎದ್ದು ಓಡಾಡಿ ಆಡುವ ಆಟಗಳಿಗೆ ಸುಮಾರು ಆರೂವರೆ ಅಡಿ ಉದ್ದ, ಅಷ್ಟೇ ಅಗಲದ ಖಾಲಿ ಜಾಗ ಬೇಕು. ಸೋಫಾ, ದಿವಾನ, ಟಿವಿ ಶೋಕೇಸ್ ಕಳೆದು ಹಾಲ್‌ನಲ್ಲಿ ಅಷ್ಟು ಉಳಿಯುತ್ತದೆಯೇ ಎಂದು ಅಳೆದು ನೋಡುವುದು ಒಳ್ಳೆಯದು. ತಲೆಯ ಮೇಲಿನ ಫ್ಯಾನ್ ಮರೆಯಬಾರದು. ಕಣ್ಣು ಮುಚ್ಚಿದವರು ಕೈ ಎತ್ತಿದಾಗ ರೆಕ್ಕೆಗೆ ತಗಲುವ ಅಪಾಯವಿದೆ.

ಸ್ವತಂತ್ರ ಹೆಡ್‌ಸೆಟ್‌ಗೆ ಇಲ್ಲೊಂದು ಅನುಕೂಲವಿದೆ. ಹಾಲ್‌ನಲ್ಲಿ ನೆಂಟರು ಕುಳಿತಿದ್ದರೆ ಬೆಡ್‌ರೂಮ್‌ಗೆ ಒಯ್ದು ಆಡಬಹುದು. ಜಾಗ ಇಲ್ಲವೆಂದಾದರೆ ನಿಂತಲ್ಲೇ, ಕುಳಿತಲ್ಲೇ ಆಡುವ ಆಟಗಳೂ ಸಾಕಷ್ಟಿವೆ. ಕಂಪ್ಯೂಟರ್‌ಗೆ ಕಟ್ಟಿದ ಹೆಡ್‌ಸೆಟ್ ಮೇಜಿನ ಸುತ್ತಲೇ ಇರಬೇಕು, ಕೇಬಲ್ ಕಾಲಿಗೆ ತೊಡರದಂತೆಯೂ ನೋಡಿಕೊಳ್ಳಬೇಕು. ವಾಲ್ವ್ ಇಂಡೆಕ್ಸ್‌ನಂಥದ್ದಕ್ಕೆ ಕೋಣೆಯ ಮೂಲೆಗಳಲ್ಲಿ ಬೇಸ್ ಸ್ಟೇಷನ್ ಎಂಬ ಪುಟ್ಟ ಪೆಟ್ಟಿಗೆಗಳನ್ನು ಕೂರಿಸಬೇಕು. ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಮಾಲಕರ ಒಪ್ಪಿಗೆ ಬೇಕಲ್ಲ!

ಮನೆಯ ಲ್ಯಾಪ್‌ಟಾಪ್ ಸಾಕೇ?

ಹೆಚ್ಚಿನವರು ಎಡವುವುದು ಇಲ್ಲಿ. ‘ಮನೆಯಲ್ಲಿ ಲ್ಯಾಪ್‌ಟಾಪ್ ಇದೆಯಲ್ಲ, ಅದಕ್ಕೇ ಜೋಡಿಸಿದರಾಯಿತು’ ಎಂಬ ಎಣಿಕೆ ಸಾಮಾನ್ಯವಾಗಿ ತಪ್ಪಾಗುತ್ತದೆ. ಆಫೀಸು ಕೆಲಸದ, ಆನ್‌ಲೈನ್ ಕ್ಲಾಸಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದು ಅಪರೂಪ. ವಿ.ಆರ್. ಆಟಕ್ಕೆ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರವನ್ನು ಸೆಕೆಂಡಿಗೆ 72, 90 ಅಥವಾ ಅದಕ್ಕೂ ಹೆಚ್ಚು ಬಾರಿ ಬರೆಯಬೇಕು. 2020ರಲ್ಲಿ ಬಂದ ಹಾಫ್-ಲೈಫ್: ಅಲಿಕ್ಸ್ ಎಂಬ ಪ್ರಸಿದ್ಧ ಆಟಕ್ಕೆ ಕನಿಷ್ಠ 12 ಜಿಬಿ ರ‍್ಯಾಮ್ ಮತ್ತು ಎನ್‌ವಿಡಿಯಾ ಜಿಟಿಎಕ್ಸ್ 1060 ದರ್ಜೆಯ ಕಾರ್ಡ್ ಬೇಕೆಂದು ತಯಾರಕರೇ ಹೇಳಿದ್ದಾರೆ. ಇದು ಕನಿಷ್ಠ ಮಾತ್ರ. ಇಂಡೆಕ್ಸ್‌ಗೆ ಡಿಸ್‌ಪ್ಲೇಪೋರ್ಟ್ ಬೇಕು, ಬರೇ ಎಚ್‌ಡಿಎಂಐ ಇರುವ ಲ್ಯಾಪ್‌ಟಾಪ್‌ಗೆ ಅದನ್ನು ಜೋಡಿಸಲಾಗದು. ಆದುದರಿಂದ ಕಂಪ್ಯೂಟರ್ ಹೆಡ್‌ಸೆಟ್‌ನ ನಿಜವಾದ ಬೆಲೆ ಎಂದರೆ ಹೆಡ್‌ಸೆಟ್ ಜೊತೆಗೆ ಗೇಮಿಂಗ್ ಕಂಪ್ಯೂಟರ್‌ನ ಬೆಲೆ.

ಹೋಲಿಕೆಗೆ: ಬಿಡುಗಡೆಯ ವೇಳೆ ಅಮೆರಿಕದಲ್ಲಿ ಕ್ವೆಸ್ಟ್ 3ಎಸ್‌ನ ಆರಂಭಿಕ ಬೆಲೆ ಸುಮಾರು 300 ಡಾಲರ್, ಕ್ವೆಸ್ಟ್ 3ರದು 500 ಡಾಲರ್, ಇಂಡೆಕ್ಸ್‌ನ ಪೂರ್ಣ ಸೆಟ್‌ನದು 999 ಡಾಲರ್ ಇತ್ತು. ಈ ಕೊನೆಯದರಲ್ಲಿ ಕಂಪ್ಯೂಟರ್ ಸೇರಿಲ್ಲ.

ಹಾಗಾದರೆ ಅದರ ಹೆಚ್ಚುಗಾರಿಕೆ ಏನು?

ಚಿತ್ರದ ಸೊಗಸು ಮತ್ತು ಆಟದ ವಿಸ್ತಾರ. ವಿಮಾನ ಹಾರಿಸುವ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಕಾರ್ ರೇಸಿನ ಅಸೆಟ್ಟೊ ಕೋರ್ಸಾ ಮುಂತಾದವುಗಳ ನಿಜವಾದ ಸೊಬಗು ಶಕ್ತಿಶಾಲಿ ಕಂಪ್ಯೂಟರ್‌ನಲ್ಲೇ. ಸ್ಟೀರಿಂಗ್, ಪೆಡಲ್ ಇಟ್ಟುಕೊಂಡು ಗಂಟೆಗಟ್ಟಲೆ ಕುಳಿತು ಆಡುವವರಿಗೆ ಕೇಬಲ್ ಅಡ್ಡಿಯೆನಿಸದು. ಬ್ಯಾಟರಿಯ ಚಿಂತೆಯೂ ಕಡಿಮೆ. ಕ್ವೆಸ್ಟ್ 3ರ ಬ್ಯಾಟರಿ ಸರಾಸರಿ ಎರಡು ಗಂಟೆಯಿಂದ ಸ್ವಲ್ಪ ಹೆಚ್ಚು ಬರುತ್ತದೆ, ಅಷ್ಟೆ. ತೂಕವೂ ಅರ್ಧ ಕಿಲೋ ದಾಟುತ್ತದೆ.

ಸ್ವತಂತ್ರ ಹೆಡ್‌ಸೆಟ್‌ನಲ್ಲಿ ಸಂಗೀತದ ತಾಳಕ್ಕೆ ಕತ್ತಿ ಬೀಸುವ ಬೀಟ್ ಸೇಬರ್, ಗೆಳೆಯರೊಡನೆ ಆಡುವ ವಾಕ್‌ಅಬೌಟ್ ಮಿನಿ ಗಾಲ್ಫ್‌ನಂಥ ಆಟಗಳು ಚೆನ್ನಾಗಿ ನಡೆಯುತ್ತವೆ. 2024ರ ಬ್ಯಾಟ್‌ಮ್ಯಾನ್: ಆರ್ಕಮ್ ಶ್ಯಾಡೋ ಕ್ವೆಸ್ಟ್ 3 ಮತ್ತು 3ಎಸ್‌ಗೆಂದೇ ಮಾಡಿದ ಆಟ.

ನಡುದಾರಿ

ಸ್ವತಂತ್ರ ಹೆಡ್‌ಸೆಟ್ ಕೊಂಡವರಿಗೆ ಕಂಪ್ಯೂಟರ್‌ನ ಬಾಗಿಲು ಮುಚ್ಚಿಲ್ಲ ಎಂಬುದೇ ಇಡೀ ವಿಷಯದ ತಿರುಳು. ಕ್ವೆಸ್ಟ್ ಅನ್ನು ಯುಎಸ್‌ಬಿ ಕೇಬಲ್ ಮೂಲಕ ಇಲ್ಲವೇ ವೈಫೈ ಮೂಲಕ ಗೇಮಿಂಗ್ ಕಂಪ್ಯೂಟರ್‌ಗೆ ಜೋಡಿಸಿ ಹಾಫ್-ಲೈಫ್: ಅಲಿಕ್ಸ್‌ನಂಥ ಆಟಗಳನ್ನೂ ಆಡಬಹುದು. ವೈಫೈ ಮೂಲಕವಾದರೆ ಕಂಪ್ಯೂಟರ್‌ನಿಂದ ರೂಟರ್‌ಗೆ ಲ್ಯಾನ್ ಕೇಬಲ್ ಹಾಕಿ, ಹೆಡ್‌ಸೆಟ್ ಅನ್ನು 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಸೇರಿಸಿ, ರೂಟರ್ ಇರುವ ಕೋಣೆಯಲ್ಲೇ ಆಡುವುದು ಉತ್ತಮ. ನಾಲ್ಕೂ ಕಡೆ ನೆರೆಮನೆಗಳ ವೈಫೈ ತುಂಬಿರುವ ಬಿಲ್ಡಿಂಗ್‌ಗಳಲ್ಲಿ ಚಿತ್ರ ತಡವರಿಸಿದರೆ ಕೇಬಲೇ ಗತಿ. ವಾಲ್ವ್ ಕಂಪನಿ 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ಸ್ಟೀಮ್ ಫ್ರೇಮ್ ಕೂಡ ಇದೇ ರೀತಿ ಎರಡೂ ಕೆಲಸಕ್ಕೆಂದು ರೂಪಿಸಿದ್ದು.

ಆದರೆ ಆಟಗಳ ಅಂಗಡಿ ಬೇರೆ ಬೇರೆ ಎಂಬುದು ನೆನಪಿರಲಿ. ಮೆಟಾ ಸ್ಟೋರ್‌ನಲ್ಲಿ ಕೊಂಡ ಆಟ ಸ್ಟೀಮ್‌ನಲ್ಲಿ ಸಿಗದು. ಅಲ್ಲಿ ಅದಕ್ಕೆ ಮತ್ತೊಮ್ಮೆ ಹಣ ಕೊಡಬೇಕು.

ಹಳೆಯದನ್ನು ಕೊಳ್ಳುವಾಗ ಎಚ್ಚರ

ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಹೆಡ್‌ಸೆಟ್ ಕೊಳ್ಳುವವರು ಅದಕ್ಕೆ ಕಂಪನಿಯ ಬೆಂಬಲ ಇನ್ನೂ ಇದೆಯೇ ಎಂದು ಕೇಳಬೇಕು. ಎಚ್‌ಪಿ ರಿವರ್ಬ್ ಜಿ2 ಮುಂತಾದ ಒಳ್ಳೆಯ ಹೆಡ್‌ಸೆಟ್‌ಗಳು ವಿಂಡೋಸ್ ಮಿಕ್ಸೆಡ್ ರಿಯಾಲಿಟಿ ಎಂಬ ವ್ಯವಸ್ಥೆಯನ್ನು ನೆಚ್ಚಿದ್ದವು. 2024ರ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತೆಗೆದುಹಾಕಿತು. ಯಂತ್ರ ಕೆಟ್ಟಿರಲಿಲ್ಲ, ಆದರೂ ಅಪ್‌ಡೇಟ್ ಮಾಡಿಕೊಂಡವರ ಕೈ ಕಟ್ಟಿಹೋಯಿತು. ವಿದೇಶದಿಂದ ಬಂಧುಗಳ ಕೈಯಲ್ಲಿ ತರಿಸುವವರು ವಾರಂಟಿ ಭಾರತದಲ್ಲಿ ಅನ್ವಯವಾಗುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಬೇಕು.

ಹೆತ್ತವರ ಗಮನಕ್ಕೆ

ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಕ್ವೆಸ್ಟ್ ಸಲ್ಲದು. 10ರಿಂದ 12 ವರ್ಷದವರಿಗೆ ಹೆತ್ತವರು ನಿರ್ವಹಿಸುವ ಖಾತೆ ಬೇಕು ಎಂಬುದು ಮೆಟಾದ ನಿಯಮ. ಆರಂಭದಲ್ಲಿ ಹಲವರಿಗೆ ಘಾಟಿ ಬಸ್ಸಿನಲ್ಲಿ ಆಗುವಂತೆ ತಲೆ ಸುತ್ತಿ ವಾಕರಿಕೆ ಬರುತ್ತದೆ. ಹತ್ತು ಹದಿನೈದು ನಿಮಿಷದಿಂದ ಶುರುಮಾಡಿ, ತಲೆ ಸುತ್ತಿದರೆ ಕೂಡಲೇ ತೆಗೆದಿಡಬೇಕು. ಲೆನ್ಸ್‌ಗಳ ಮೇಲೆ ನೇರ ಬಿಸಿಲು ಬಿದ್ದರೆ ಪರದೆ ಸುಟ್ಟುಹೋಗುತ್ತದೆ. ಕಿಟಕಿಯ ಬಳಿ, ಬಾಲ್ಕನಿಯಲ್ಲಿ ಇಡಲೇಬಾರದು.

ಸಂಘಗಳ ಯುವ ವಿಭಾಗದವರು ಮಕ್ಕಳ ಶಿಬಿರಕ್ಕೆ ಒಂದನ್ನು ತರಿಸುವುದಾದರೆ ಸ್ವತಂತ್ರ ಬಗೆಯೇ ಮೇಲು. ಚೀಲದಲ್ಲಿ ಹಾಕಿ ಸಭಾಗೃಹಕ್ಕೆ ಒಯ್ಯಬಹುದು. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಮುಖಕ್ಕೆ ತಾಗುವ ಭಾಗವನ್ನು ಒರೆಸಲು ಮರೆಯಬಾರದು.

ಒಟ್ಟಿನಲ್ಲಿ ಲೆಕ್ಕ ಸರಳ. ಮನೆಯಲ್ಲಿ ಈಗಾಗಲೇ ಗೇಮಿಂಗ್ ಕಂಪ್ಯೂಟರ್ ಇದ್ದು, ವಿಮಾನ ಅಥವಾ ರೇಸಿಂಗ್ ಆಟದ ಹುಚ್ಚು ಹಿಡಿದವರು ಇದ್ದರೆ ಕಂಪ್ಯೂಟರ್ ಹೆಡ್‌ಸೆಟ್ ನೋಡಬಹುದು. ಉಳಿದವರು ಸ್ವತಂತ್ರ ಹೆಡ್‌ಸೆಟ್‌ನಿಂದಲೇ ಆರಂಭಿಸಲಿ. ಮಕ್ಕಳ ಆಸಕ್ತಿ ಎರಡು ತಿಂಗಳಲ್ಲಿ ಇಳಿದರೆ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಉಳಿದರೆ, ಮುಂದೆ ಕಂಪ್ಯೂಟರ್ ಕೊಂಡಾಗ ಅದೇ ಹೆಡ್‌ಸೆಟ್ ಅದಕ್ಕೂ ಒದಗುತ್ತದೆ.